ಗಟ್ಟಿ ಎಣ್ಣೆ

"ಬೇಡ ದೊಡ್ಡಪ್ಪ, ಅದನ್ನ ಹಾಕಬೇಡಿ!" ಎಂದು ರಿಸ್ತೆನ್ ಆಲಿಕೆಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ದೊಡ್ಡಪ್ಪ ಯೋವ್ನಾ ಬಗ್ಗಿಸಿದ್ದ ಡಬ್ಬ ಅಲ್ಲೇ ನಿಂತಿತು. ಒಂದಿಷ್ಟು ಎಣ್ಣೆ ಅವಳ ಬೆರಳ ಸಂದಿಗೆ ಇಳಿದು ಅಂಟಿಕೊಂಡಿತು.

ಅವಳ ಅಪ್ಪ ಒವ್ಲಾ ಫೋನ್ ಮಾಡಿ ಆಗಲೇ ಅರ್ಧ ಗಂಟೆಯಾಗಿತ್ತು. ಹಿಮಸಾರಂಗಗಳ ಹಿಂಡು ನೋಡಲು ಹೋದವನ ಮೋಟಾರು ಹಿಮಗಾಡಿ ಹೆಪ್ಪುಗಟ್ಟಿದ ಸರೋವರದ ಆಚೆ, ಬೋಳುಗುಡ್ಡದ ಮೇಲೆ ಕೆಟ್ಟು ನಿಂತಿತ್ತು. "ಚೈನು ಕಡೀತು. ಮಂಜು ಬೇರೆ ಮುಚ್ಚಿದೆ. ಬೇಗ ಬಾ ಮಗಳೇ" ಎನ್ನುವಷ್ಟರಲ್ಲಿ ಫೋನು ಸತ್ತಿತ್ತು. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಮನುಷ್ಯನೇ ತಾಳುವುದು ಕಷ್ಟ, ಇನ್ನು ಬ್ಯಾಟರಿ ತಾಳೀತೇ! ಮಂಜಿನಲ್ಲಿ ಹೆಲಿಕಾಪ್ಟರ್ ಹಾರಿಸಲಾಗದು ಎಂದು ರಕ್ಷಣಾ ದಳದವರು ಕೈಚೆಲ್ಲಿದ್ದರು. ಹಳ್ಳಿಯ ಹಿಮಗಾಡಿಗಳೆಲ್ಲ ಹಿಂಡು ಕೂಡಿಹಾಕುವ ದೊಡ್ಡಿಗೆ ಹೋಗಿದ್ದವು. ಉಳಿದದ್ದು ರಿಸ್ತೆನಳ ಗಾಡಿಯೊಂದೇ. ಅದರ ಚೈನು ಓಡಾಡುವ ಪೆಟ್ಟಿಗೆಗೆ ನೀರು ಸೇರಿತೆಂದು, ನಿನ್ನೆಯಷ್ಟೇ ದೊಡ್ಡಪ್ಪನ ಶೆಡ್ಡಿಗೆ ತಂದು ಹಳೆಯ ಎಣ್ಣೆಯನ್ನೆಲ್ಲ ಬಸಿದಿದ್ದಳು. ಸರಿಯಾದ ಎಣ್ಣೆ ತರಲು ಇವತ್ತು ಪೇಟೆಗೆ ಹೋಗುವವಳಿದ್ದಳು. ಈಗ ಪೇಟೆಗೆ ಹೋಗಿ ಬರುವಷ್ಟು ಹೊತ್ತು ಯಾರಿಗಿದೆ? ಜನವರಿಯ ಬೆಳಕು ಇನ್ನು ಮೂರು ಗಂಟೆ ಇದ್ದರೆ ಹೆಚ್ಚು.

"ಕೈ ತೆಗಿ. ಎಣ್ಣೆ ಅಂದ್ರೆ ಹೀಗಿರಬೇಕು ನೋಡು." ಯೋವ್ನಾ ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಎಳೆದ. ಒಲೆಯ ಪಕ್ಕದ ಬಿಸಿಗೆ ಅದು ಸಕ್ಕರೆ ಪಾಕದ ಹಾಗೆ ಎಳೆಎಳೆಯಾಗಿ ಬಂತು. "ಟ್ರ್ಯಾಕ್ಟರಿಗೆ ಹಾಕೋ ಗಟ್ಟಿ ಎಣ್ಣೆ ಇದು. ನಿನ್ನ ಗಾಡಿ ಸೀಲು ಸವೆದುಹೋಗಿದೆ. ತೆಳು ಎಣ್ಣೆ ಹಾಕಿದ್ರೆ ಸರೋವರ ದಾಟೋದ್ರೊಳಗೆ ಖಾಲಿ. ಇದಾದ್ರೆ ಒಂದು ತೊಟ್ಟೂ ಸೋರಲ್ಲ."

"ಬೆಚ್ಚಗಿನ ಶೆಡ್ಡಲ್ಲಿ ನಿಂತು ಎಳೆ ನೋಡಿದ್ರೆ ಆಗೋಯ್ತಾ? ಹೊರಗೆ ಹರಿಯುತ್ತಾ ಅದು?"

"ನಿನಗೆ ಹಾಲುಹಲ್ಲು ಬರೋಕೆ ಮುಂಚೆ ಗಾಡಿ ಬಿಚ್ಚಿದೋನು ಕಣೇ ನಾನು!"

"ಹಲ್ಲೆಲ್ಲ ಬಂದಿವೆ ಈಗ. ಇರಿ, ಬಂದೆ" ಎಂದು ರಿಸ್ತೆನ್ ಹೊರಗೋಡಿದಳು.

ತನ್ನ ಕಾರಿನ ಗೇರ್‌ಬಾಕ್ಸಿಗೆಂದು ತಂದಿದ್ದ ಕೆಂಪು ಎಣ್ಣೆಯ ಬಾಟಲಿ ವಾರದಿಂದ ಡಿಕ್ಕಿಯಲ್ಲೇ ಬಿದ್ದಿತ್ತು. ಅದನ್ನು ತೆಗೆದುಕೊಂಡು ಬರುವಾಗ ಶೆಡ್ಡಿನ ಗೋಡೆಯ ಬುಡದಲ್ಲಿ ಅದೇ ಟ್ರ್ಯಾಕ್ಟರ್ ಎಣ್ಣೆಯ ಇನ್ನೊಂದು ಪುಟ್ಟ ಡಬ್ಬ ಕಂಡಿತು. ಅರ್ಧ ಖಾಲಿಯಾಗಿತ್ತು. ಎರಡನ್ನೂ ಹೊಸ್ತಿಲಿಗೆ ತಂದು, ದೊಡ್ಡಪ್ಪನ ಕಣ್ಣೆದುರೇ ಬಗ್ಗಿಸಿದಳು. ಕೆಂಪು ಎಣ್ಣೆ ಕ್ಷಣ ತಡೆದು, ಸಣ್ಣ ಧಾರೆಯಾಗಿ ಹಿಮದ ಮೇಲೆ ಬಿತ್ತು. ಟ್ರ್ಯಾಕ್ಟರ್ ಎಣ್ಣೆಯ ಡಬ್ಬವನ್ನು ಪೂರ್ತಿ ತಲೆಕೆಳಗು ಮಾಡಿ ಇಪ್ಪತ್ತರವರೆಗೆ ಎಣಿಸಿದರೂ ಒಳಗಿದ್ದದ್ದು ಅಲುಗಲಿಲ್ಲ.

"ನೋಡಿದ್ರಾ? ಚೈನು ಇದರಲ್ಲಿ ಒಂದು ಸಲ ದಾರಿ ಕೊರೆದುಕೊಂಡ್ರೆ ಮುಗೀತು. ಎಣ್ಣೆ ಪಕ್ಕದಲ್ಲೇ ಹೆಪ್ಪುಗಟ್ಟಿ ಕೂತಿರುತ್ತೆ, ಚೈನು ಒಣಗಿ ಕಡಿಯುತ್ತೆ."

ಯೋವ್ನಾನ ಕಣ್ಣು ಡಬ್ಬದ ಮೇಲಿರಲಿಲ್ಲ, ಅವಳ ಬೂಟುಗಳ ಮೇಲಿತ್ತು. ರಿಸ್ತೆನ್ ಅರ್ಧ ಖಾಲಿಯಾದ ಡಬ್ಬವನ್ನು ಮತ್ತೆ ನೋಡಿದಳು.

"ದೊಡ್ಡಪ್ಪ, ಈ ಡಬ್ಬದ ಇನ್ನರ್ಧ ಎಲ್ಲಿ ಹೋಯ್ತು?"

"ನಿಮ್ಮಪ್ಪನ ಗಾಡೀನೂ ಸೋರ್ತಿತ್ತು ಕಣಮ್ಮ," ಎಂದ ಮುದುಕ. "ಹೋದ ವಾರ ನಾನೇ ಹಾಕಿಕೊಟ್ಟೆ. ಬೇಡ ಅಂದ. ಅಣ್ಣ ಹೇಳ್ತಿದ್ದೀನಿ ಕೇಳೋ, ಅಂತ ನಾನೇ..."

ಇಷ್ಟು ಹೊತ್ತು ಈ ಮನುಷ್ಯ ಹಟ ಹಿಡಿದದ್ದು ಎಣ್ಣೆಗಾಗಿ ಅಲ್ಲ. ಕೆಂಪು ಎಣ್ಣೆ ಸರಿ ಎಂದು ಒಪ್ಪಿದರೆ, ತಮ್ಮನನ್ನು ಗುಡ್ಡದ ಮೇಲೆ ಸಾಯಲು ಕೂರಿಸಿದ್ದು ತಾನೇ ಎಂದು ಒಪ್ಪಬೇಕಿತ್ತು. ರಿಸ್ತೆನ್ ಬೈಯಲು ಬಾಯಿ ತೆರೆದಳು. ಬೈಯುತ್ತ ನಿಂತರೆ ಬೆಳಕು ಕಾಯುತ್ತದೆಯೇ? ನುಂಗಿಕೊಂಡಳು.

"ಕೆಂಪು ಎಣ್ಣೆ ಸುರೀರಿ. ಸೋರಿದ್ರೆ ಸೋರಲಿ. ದಾರೀಲಿ ಎರಡು ಕಡೆ ನಿಲ್ಲಿಸ್ತೀನಿ, ಇಳಿದು ತುಂಬಿ. ಬಾಟಲಿ ಅರ್ಧಕ್ಕಿಂತ ಕೆಳಗೆ ಹೋಗಬಾರದು, ವಾಪಸ್ ಬರಬೇಕಲ್ಲ. ಹತ್ತಿ ಹಿಂದೆ!"

ಗಾಡಿ ಸೋರಿತು, ಮುದುಕ ಹೇಳಿದ್ದಂತೆಯೇ. ಹಿಮದ ಮೇಲೆ ಉದ್ದಕ್ಕೂ ಕೆಂಪು ತೊಟ್ಟುಗಳು ಬಿದ್ದವು. ನಿಲ್ಲಿಸಿದಾಗಲೆಲ್ಲ ಯೋವ್ನಾ ಕೈಗವಸು ಕಿತ್ತೆಸೆದು, ಮಂಡಿಯೂರಿ, ಎದೆಗವಚಿಕೊಂಡಿದ್ದ ಬಾಟಲಿಯಿಂದ ಅಳೆದಳೆದು ಹುಯ್ದ. ಎರಡನೆಯ ಸಲ ಬಾಟಲಿ ಸರಿಯಾಗಿ ಅರ್ಧಕ್ಕೆ ಬಂದಿತ್ತು. ಗುಡ್ಡವಿನ್ನೂ ಮುಂದಿತ್ತು. ಚೈನಿನ ಸದ್ದು ಒಂಚೂರು ಬದಲಾದರೂ ರಿಸ್ತೆನ್ ವೇಗ ತಗ್ಗಿಸಿ ಕಿವಿಗೊಡುತ್ತಿದ್ದಳು.

ಮಂಜಿನಲ್ಲಿ ಮೊದಲು ಕಂಡದ್ದು ಸತ್ತ ಗಾಡಿ. ಅದರ ಮರೆಗೆ ತೋಡಿದ ಗುಂಡಿಯಲ್ಲಿ, ಸಾರಂಗದ ಚರ್ಮದ ಮೇಲೆ ಒವ್ಲಾ ಮುದುರಿ ಕೂತಿದ್ದ. "ಅಪ್ಪಾ!" ಅಂದಳು. ಅಲುಗಾಟವಿಲ್ಲ. "ಅಪ್ಪಾ!" ಎಂದು ಕಿರುಚಿದಳು. ಹಿಮ ಕಟ್ಟಿದ ಹುಬ್ಬು ಮೆಲ್ಲನೆ ಮೇಲೆದ್ದಿತು.

ಯೋವ್ನಾ ಗುಂಡಿಗೆ ಧುಮುಕಿ ತಮ್ಮನನ್ನು ತನ್ನ ಕೋಟಿನೊಳಕ್ಕೆ ಎಳೆದುಕೊಂಡ. ತಂದಿದ್ದ ಫ್ಲಾಸ್ಕಿನ ಬಿಸಿ ಕಾಫಿಯನ್ನು ತುಟಿಗಿಟ್ಟ. "ತಪ್ಪಾಯ್ತೋ ತಮ್ಮಾ" ಎಂದು ಗೊಳೋ ಎಂದು ಅತ್ತ. ಒವ್ಲಾ ಎರಡು ಗುಟುಕು ಕುಡಿದು, ಅವರು ಬಂದ ದಾರಿಯಲ್ಲಿ ಬಿದ್ದಿದ್ದ ಕೆಂಪು ತೊಟ್ಟುಗಳನ್ನು ನೋಡಿದ. ಆಮೇಲೆ ತನ್ನ ಗಾಡಿಯ ಕೆಳಗಿನ ಅಚ್ಚ ಬಿಳಿ ಹಿಮವನ್ನು ನೋಡಿದ.

"ನೀನು ಹೇಳಿದ್ದು ನಿಜ ಕಣಣ್ಣ," ಎಂದ. "ಒಂದು ತೊಟ್ಟೂ ಸೋರಿಲ್ಲ."