ತಪ್ಪು ಉತ್ತರದ ದನಿ

“ಬರೋದಕ್ಕೇ ಇಷ್ಟು ಅವಸರ ಮಾಡಿಬಿಟ್ಯಲ್ಲೇ! ಆಯ್ತು, ಇನ್ನು ಮೇಲೆ ನಿನಗೆ ಬೇಗ ಬೇಗ ಅಂತ ಯಾರೂ ಹೇಳೋದು ಬೇಡ. ನಾನಂತೂ ಹೇಳಲ್ಲ.” ಅಮ್ಮ ಮಗಳಿಗೆ ಹೀಗೆ ಮಾತು ಕೊಟ್ಟದ್ದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಒಳಗೆ ಅಂಗೈಯಗಲ ಮಲಗಿತ್ತು. ನೋಡಲು ಬಂದ ಅಜ್ಜಿ, “ಮಗು ಎಲ್ಲೇ? ಬರೀ ಜೀರಿಗೆ ಕಾಳು ಕಾಣ್ತಿದೆಯಲ್ಲ!” ಎಂದದ್ದೇ ಹೆಸರಾಗಿ ಉಳಿಯಿತು.

ಜೀರಿಗೆಗೆ ಈಗ ಎರಡನೇ ತರಗತಿ. ಅವಳ ಅಮ್ಮನಿಗೆ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಶಾಲೆಯಿಂದ ಫೋನ್ ಬಂದಾಗ ಕೈಯಲ್ಲಿದ್ದ ಬಿಸಿ ಚಾದರವನ್ನು ಜೊತೆಯವಳ ತೋಳಿಗೆ ಹಾಕಿ, ಸೂಪರ್‌ವೈಸರ್ ಹತ್ತಿರ ಗೋಗರೆದು ಒಂದು ಗಂಟೆ ಬಿಡುವು ಪಡೆದು, ಏದುಸಿರು ಬಿಡುತ್ತಾ ಬಂದಿದ್ದಳು.

ಮಕ್ಕಳೆಲ್ಲ ಆಟಕ್ಕೆ ಹೋಗಿದ್ದರಿಂದ ತರಗತಿ ಖಾಲಿಯಾಗಿತ್ತು. ಗೋಡೆಯ ಪಕ್ಕದ ಮೇಜಿನ ಮೇಲೆ ಟ್ಯಾಬ್‌ಗಳು ಸಾಲಾಗಿ ಚಾರ್ಜಿಗೆ ಕೂತಿದ್ದವು. ಜೀರಿಗೆ ಒಬ್ಬಳೇ ಬೆಂಚಿನ ತುದಿಯಲ್ಲಿ ಕಾಲು ತೂಗಾಡಿಸುತ್ತಿದ್ದಳು. ಟೀಚರು ಅವಳ ಟ್ಯಾಬ್ ತಂದು ತೋರಿಸಿದರು. ಲೆಕ್ಕದ ಪಾಠದ ಉದ್ದಕ್ಕೂ ಕೆಂಪು ಚುಕ್ಕಿಗಳು.

“ನೋಡಿ, ಎಲ್ಲಾ ತಪ್ಪೇ. ಹೀಗೇ ಆದ್ರೆ ಸೋಮವಾರದಿಂದ ಇದು ತಾನಾಗೇ ಇವಳನ್ನ ಒಂದನೇ ಕ್ಲಾಸಿನ ಪಾಠಕ್ಕೆ ಇಳಿಸಿಬಿಡುತ್ತೆ. ಆಮೇಲೆ ಜೊತೆಯವರನ್ನ ಹಿಡಿಯೋದು ಕಷ್ಟ.”

“ಮನೇಲಿ ಲೆಕ್ಕ ಎಲ್ಲಾ ಬಾಯಲ್ಲೇ ಹೇಳ್ತಾಳಲ್ಲ ಮೇಡಂ!” ಅಮ್ಮ ಮಗಳ ಕಡೆ ತಿರುಗಿದಳು. “ಏಳಕ್ಕೆ ಐದು ಸೇರಿಸಿದ್ರೆ ಎಷ್ಟೇ?”

“ಹನ್ನೆರಡು.” ಪ್ರಶ್ನೆ ಮುಗಿಯುವ ಮೊದಲೇ ಉತ್ತರ.

“ಅದನ್ನೇ ಇಲ್ಲಿ ಒತ್ತು ನೋಡೋಣ,” ಎಂದರು ಟೀಚರು.

ಜೀರಿಗೆ ಅಭ್ಯಾಸದಂತೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಳು. ಬೆರಳು ಹನ್ನೆರಡರ ಹತ್ತಿರ ಹೋಗಿ, ಅಲ್ಲಿಂದ ಜಾರಿ ಹನ್ನೊಂದರ ಮೇಲೆ ಕೂತಿತು. ಮತ್ತೊಂದು ಕೆಂಪು ಚುಕ್ಕಿ. ಬೈಗುಳ ತಿನ್ನಬೇಕಾದ ಹುಡುಗಿ ಕಣ್ಣು ಮುಚ್ಚಿಕೊಂಡು, ಹೊದಿಕೆಯೊಳಗೆ ಮುದುರಿಕೊಂಡ ಹಾಗೆ ಸುಮ್ಮನೆ ಕೂತಳು.

ಟೀಚರಿಗೆ ಏನೋ ಅನುಮಾನ ಬಂತು. ಇಯರ್‌ಫೋನಿನ ವೈರು ಕಿತ್ತು, “ಎಲ್ಲಿ, ಇನ್ನೊಂದ್ಸಲ ಒತ್ತು,” ಎಂದರು. ಮತ್ತೆ ಹನ್ನೊಂದು. ಈ ಬಾರಿ ದನಿ ಕೋಣೆಯ ತುಂಬ ಹರಡಿತು.

“ಹೋಗ್ಲಿ ಬಿಡೇ ಬಂಗಾರ. ತಪ್ಪಾದ್ರೆ ಗಂಟೇನೂ ಹೋಗಲ್ಲ. ನಿಧಾನಕ್ಕೆ ನೋಡು. ಏನೂ ಅವಸರ ಇಲ್ಲ. ನಾನು ಇಲ್ಲೇ ಇದೀನಿ ಕಣೇ.”

ಯಾರಪ್ಪಾ ಇಷ್ಟು ತಣ್ಣಗೆ ಮಾತಾಡುವವರು ಎಂದುಕೊಂಡಳು ಅಮ್ಮ. ಮಾತಿನ ಹಿಂದೆ ಬಟ್ಟೆ ಹಿಂಡುವ ಯಂತ್ರದ ಗುಂಯ್‌ಗುಡುವ ಸದ್ದು ಕೇಳಿದ ಮೇಲೆಯೇ ಅದು ತನ್ನ ದನಿ ಎಂದು ಹೊಳೆದದ್ದು. ಶಾಲೆ ಶುರುವಾದ ಹೊಸದರಲ್ಲಿ, ಸರಿ ಉತ್ತರಕ್ಕೊಂದು ತಪ್ಪು ಉತ್ತರಕ್ಕೊಂದು ಟ್ಯಾಬಿನಲ್ಲಿ ಕೇಳಿಸಲು ಮನೆಯವರ ಮಾತು ರೆಕಾರ್ಡ್ ಮಾಡಿ ಕಳಿಸಿ ಅಂದಿದ್ದರು. ಚಹಾದ ಬಿಡುವಿನಲ್ಲಿ ಮಡಚಿಟ್ಟ ಚಾದರಗಳ ರಾಶಿಗೆ ಒರಗಿ ಫೋನಿಗೆ ಹೇಳಿ ಕಳಿಸಿ, ಮರೆತೇಬಿಟ್ಟಿದ್ದಳು. ಸರಿ ಉತ್ತರಕ್ಕೆ ‘ಶಭಾಷ್’ ಒಂದೇ ಮಾತು. ಗೆದ್ದ ಮಗುವಿಗೆ ಸಮಾಧಾನ ಯಾಕೆ ಬೇಕು ಎಂದುಕೊಂಡಿದ್ದಳು.

“ಗೊತ್ತಿದ್ದೂ ಯಾಕೇ ತಪ್ಪು ಒತ್ತುತೀಯ?”

ಜೀರಿಗೆ ಬೆಂಚನ್ನು ಉಗುರಿನಿಂದ ಕೆರೆದಳು. “ಸರಿ ಒತ್ತಿದ್ರೆ ನೀನು ಶಭಾಷ್ ಅಂದು ಹೊರಟೇ ಹೋಗ್ತೀಯ. ತಪ್ಪು ಒತ್ತಿದ್ರೆ ತುಂಬಾ ಹೊತ್ತು ಇರ್ತೀಯ.”

ಅಮ್ಮ ಮಗಳ ತಲೆ ಸವರಿದಳು. ಅವತ್ತು ಬೆಳಿಗ್ಗೆಯೂ ಹಲ್ಲುಜ್ಜುವಲ್ಲಿಂದ ಹಿಡಿದು ಶಾಲೆಯ ಗೇಟಿನವರೆಗೆ ‘ಬೇಗ, ಬೇಗ’ ಎಂದು ಇದೇ ಮಗುವನ್ನು ಅಟ್ಟಿಕೊಂಡು ಬಂದಿದ್ದಳು. ಮಗಳ ಜಡೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅದೂ ಅಮ್ಮನ ಕೈಯದೇ.

ಟೀಚರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಇಷ್ಟೇ ತಾನೆ? ಸರಿ ಉತ್ತರಕ್ಕೂ ಉದ್ದದ್ದೊಂದು ಹೇಳಿಬಿಡಿ, ಈಗಲೇ ಹಾಕ್ತೀನಿ. ಇಳಿಸೋ ವಿಚಾರ ನನಗೆ ಬಿಡಿ.” ಗುಂಡಿ ಒತ್ತಿ ಟ್ಯಾಬನ್ನು ಅವಳ ಬಾಯಿಯ ಹತ್ತಿರ ಹಿಡಿದರು.

ಅವಳು ಗಂಟಲು ಸರಿಮಾಡಿಕೊಂಡಳು. ಮತ್ತೊಮ್ಮೆ ಸರಿಮಾಡಿಕೊಂಡಳು.

“ಬೇಗ ಹೇಳಮ್ಮಾ, ನಿಂಗೆ ಬಸ್ ತಪ್ಪಿಹೋಗುತ್ತೆ,” ಎಂದಳು ಜೀರಿಗೆ.

ಟೀಚರು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಅಮ್ಮನೂ ನಕ್ಕಳು, ಮೂಗು ಒರೆಸಿಕೊಂಡಳು, ಆಮೇಲೆ ಹೇಳತೊಡಗಿದಳು. ಸಾಕು ಎಂದು ಟ್ಯಾಬ್ ತಾನೇ ನಿಲ್ಲಿಸುವ ತನಕ ಹೇಳಿದಳು.

ಅಮ್ಮನನ್ನು ಕಳಿಸಿಕೊಡಲೆಂದು ಗೇಟಿನವರೆಗೆ ಬಂದ ಜೀರಿಗೆಯ ಶೂ ಲೇಸು ಬಿಚ್ಚಿಕೊಂಡಿತು. ಮೆಟ್ಟಿಲ ಮೇಲೆ ಕೂತು ತಾನೇ ಕಟ್ಟಲು ಹೊರಟಳು. ಒಂದು ಕುಣಿಕೆ ಆಯಿತು. ಎರಡನೆಯದು ಸುತ್ತುವಷ್ಟರಲ್ಲಿ ಮೊದಲನೆಯದು ಜಾರಿತು. ಮತ್ತೆ ಶುರು. ತಿರುವಿನಲ್ಲಿ ಬಸ್ಸು ಕಾಣಿಸಿತು. ಕೊಟ್ಟ ಬಿಡುವು ಮುಗಿಯುತ್ತಾ ಬಂದಿತ್ತು. ಸೂಪರ್‌ವೈಸರರ ಮುಖ ಅಮ್ಮನ ಕಣ್ಣ ಮುಂದೆಯೇ ಇತ್ತು.

“ಅಮ್ಮಾ, ಬಸ್ಸು!”

“ನೀನು ಕಟ್ಟು,” ಎಂದು ಅವಳು ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತಳು.

ಬಸ್ಸು ಬಂದು ನಿಂತು, ಹೊರಟುಹೋಯಿತು. ಆ ಸಲ ಅಮ್ಮ ಬೇಗ ಎನ್ನಲಿಲ್ಲ.