ಒಂದೇ ಕಡೆ ಸವೆದ ಚಪ್ಪಲಿ

"ಹಳೇ ಚಪ್ಪಲಿ ತಂದಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದಾಗ, ಪದೇ ಪದೇ ಉಳುಕುವ ಕಾಲು ತೋರಿಸಲು ಬಂದಿದ್ದ ಮಗಳು ತಾಯಿಯ ಪಾದದತ್ತ ನೋಡಿದಳು. ತಾಯಿ ನಾಚುತ್ತಲೇ ಚಪ್ಪಲಿ ಕಳಚಿದಳು. "ಇವಳು ಬಿಟ್ಟಿದ್ದನ್ನ ನಾನೇ ಹಾಕ್ಕೊಳ್ತೀನಿ. ಹೊಸದಕ್ಕಿಂತ ಇವಳು ಸವೆಸಿದ್ದೇ ನನ್ನ ಕಾಲಿಗೆ ಹೇಳಿ ಮಾಡಿಸಿದ ಹಾಗಿರುತ್ತೆ."

ಡಾಕ್ಟರಮ್ಮ ಚಪ್ಪಲಿ ಬೋರಲು ಹಾಕಿದರು. ಹಿಮ್ಮಡಿಯ ಹೊರಗಿನ ಅಂಚು ಮಾತ್ರ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಮಗಳನ್ನು ಬೆನ್ನು ಮಾಡಿ ನಿಲ್ಲಿಸಿ, ಹಿಮ್ಮಡಿಗಳ ಫೋಟೋ ತೆಗೆದು ತೋರಿಸಿದರು. "ನೋಡಿ, ಹಿಮ್ಮಡಿ ಒಳಕ್ಕೆ ವಾಲಿದೆ. ಭಾರವೆಲ್ಲ ಹೊರಗಿನ ಅಂಚಿಗೆ ಬೀಳುತ್ತೆ, ಅದಕ್ಕೇ ಕಾಲು ಹೊರಳೋದು. ನೆಲ ನೋಡದೆ ನಡೆಯೋದ್ರಿಂದ ಅಲ್ಲ, ಇವರ ಕಣ್ಣು ಚೆನ್ನಾಗೇ ಇದೆ." ಚಿಕ್ಕಂದಿನಿಂದ "ನೆಲ ನೋಡ್ಕೊಂಡು ನಡಿಯೇ, ಕಣ್ಣೇನು ನೆತ್ತಿ ಮೇಲಿದೆಯಾ?" ಎಂದು ತಾಯಿಯಿಂದ ಬೈಸಿಕೊಂಡವಳ ಮುಖ ಅರಳಿತು. "ಅಮ್ಮ, ನೀವೂ ಒಂದ್ಸಲ ನಿಂತ್ಕೊಳ್ಳಿ," ಎಂದರು ಡಾಕ್ಟರಮ್ಮ.

ಎರಡನೇ ಫೋಟೋದಲ್ಲೂ ಹಿಮ್ಮಡಿಗಳು ಥೇಟ್ ಹಾಗೇ ವಾಲಿದ್ದವು. "ಹಾಗಾದ್ರೆ ನೀನು ಬಚ್ಚಲಲ್ಲಿ ಬಿದ್ದಿದ್ದು?" ಎಂದಳು ಮಗಳು. "ಸೋಪಿನ ನೀರಿತ್ತು ಕಣೇ." "ಮೆಟ್ಟಿಲ ಮೇಲೆ?" "ಆ ಮೆಟ್ಟಿಲೇ ಸರಿ ಇರ್ಲಿಲ್ಲ..." ಎನ್ನುವಷ್ಟರಲ್ಲಿ ತಾಯಿಗೇ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಬ್ಬರ ಚಪ್ಪಲಿಗೂ ಹಿಮ್ಮಡಿಯ ಹೊರಬದಿಯಲ್ಲಿ ರಬ್ಬರಿನ ಮೆತ್ತೆ ಕೂತಿತು. ಹೊರಗೆ ಹಳ್ಳ-ದಿಣ್ಣೆಯ ರಸ್ತೆ. ಅಭ್ಯಾಸದಂತೆ ಮಗಳು ತಲೆ ತಗ್ಗಿಸಿದಳು. ತಾಯಿ ಅವಳ ಗದ್ದ ಹಿಡಿದು ಮೇಲೆತ್ತಿದಳು.

"ನೆಲ ಎಲ್ಲಿಗೂ ಓಡಿ ಹೋಗಲ್ಲ. ತಲೆ ಎತ್ಕೊಂಡು ನಡಿಯೇ."