ತಪ್ಪು ಮಾಡದ ಏಜೆಂಟ್

ಮುನಿಶಾಮಿ ಬೇಕೆಂದೇ ವಿಳಾಸ ಕೆಡಿಸಿದ. ಉದ್ದನಪಲ್ಲಿಗೆ ಹೋಗಬೇಕಾದ ನಲವತ್ತು ಸುರುಳಿ ಡ್ರಿಪ್ ಪೈಪನ್ನು ಬೇರಿಕೆಗೆ ಎಂದು ಟೈಪು ಮಾಡಿ, ಗುಂಡಿ ಒತ್ತಿ, ಕೈಕಟ್ಟಿ ಕುಳಿತ. ಇವತ್ತು ಸಿಕ್ಕಿಬೀಳಬೇಕು ಬಡ್ಡೀಮಗಂದು!

ಎರಡು ನಿಮಿಷ ಕಳೆಯಿತು. ಪರದೆಯ ಮೇಲೆ ಬೇರಿಕೆ ಅಳಿಸಿಹೋಗಿ ಉದ್ದನಪಲ್ಲಿ ಬಂತು. ಕೆಳಗೆ ಒಂದೇ ಸಾಲು: ‘ಆರ್ಡರ್ ಸರಿಪಡಿಸಲಾಗಿದೆ.’

“ಥೂ!” ಎಂದು ಮುನಿಶಾಮಿ ಮೌಸನ್ನು ಮೇಜಿಗೆ ಕುಕ್ಕಿದ.

ಹೊಸೂರಿನಾಚೆ, ಬೇರಿಕೆ ರಸ್ತೆಯ ಆ ಗೋಡೌನಿನಲ್ಲಿ ಯಾವ ಸರಕು ಯಾವ ಲಾರಿಯಲ್ಲಿ ಯಾವ ಊರಿಗೆ ಹೋಗಬೇಕೆಂದು ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದವನು ಅವನು. ಜೊತೆಗೆ ಶಿವಣ್ಣ. ಮೂರು ತಿಂಗಳ ಹಿಂದೆ ಕಂಪನಿ ಆ ಕೆಲಸಕ್ಕೆ ಎಐ ಏಜೆಂಟ್ ತಂದು ಕೂರಿಸಿತು. ರೈತರು, ಅಂಗಡಿಯವರು ಫೋನು ಮಾಡಿ ಹೇಳಿದ್ದನ್ನು ಮುನಿಶಾಮಿ ಕಂಪ್ಯೂಟರಿಗೆ ಹಾಕಿದರೆ ಆಯಿತು. ಆರ್ಡರು ತಿದ್ದುವುದು, ಲಾರಿ ಗೊತ್ತುಮಾಡುವುದು, ಹೊರಡುವ ಹೊತ್ತು ಹಾಕುವುದು ಎಲ್ಲವೂ ಏಜೆಂಟಿನ ಕೆಲಸ. ಶಿವಣ್ಣನನ್ನು ಮೊದಲ ತಿಂಗಳೇ ಮನೆಗೆ ಕಳಿಸಿದರು. ಈ ತಿಂಗಳೂ ತಪ್ಪಿಲ್ಲದೆ ನಡೆದರೆ ಮುನಿಶಾಮಿಯ ಕುರ್ಚಿಯನ್ನೂ ಎತ್ತಿಸುವುದಾಗಿ ಮ್ಯಾನೇಜರ್ ರಘುನಾಥ್ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದ.

ಅಂದಮೇಲೆ ಏಜೆಂಟ್ ತಪ್ಪು ಮಾಡಲೇಬೇಕು. ತಾನಾಗಿ ಮಾಡದಿದ್ದರೆ ಮಾಡಿಸಬೇಕು.

ಮುನಿಶಾಮಿ ಮಾಡದ ಕಿತಾಪತಿ ಇಲ್ಲ. ಒಮ್ಮೆ ಪಿನ್‌ಕೋಡು ಬಿಟ್ಟು ‘ತಳಿ ಊರಿಗೆ ಹೋಗುವ ದಾರಿ, ದೊಡ್ಡ ಹುಣಸೆಮರದ ಎದುರು, ನರಸಿಂಹಪ್ಪನ ತೋಟ’ ಎಂದಷ್ಟೇ ಬರೆದ. ಆ ಮರ ಕಡಿದು ನಾಲ್ಕು ವರ್ಷ. ಊರಿನವರು ಮಾತ್ರ ಇಂದಿಗೂ ಆ ಜಾಗಕ್ಕೆ ಹುಣಸೆಮರವೆಂದೇ ಹೇಳುತ್ತಾರೆ. ಯಾವ ನಕ್ಷೆಯಲ್ಲೂ ಇಲ್ಲದ ಮರದ ಎದುರಿಗೆ ಲಾರಿ ನೆಟ್ಟಗೆ ಹೋಗಿ ನಿಂತಿತು!

ಏಜೆಂಟನ್ನು ಮಾರಿದವನಿಗೆ ಫೋನು ಹಚ್ಚಿ ಕೇಳಿದರೆ, “ನೀವು ಬರೆದ ಹಳೇ ಆರ್ಡರುಗಳನ್ನೇ ಓದಿ ಕಲಿತಿದೆ ಸಾರ್. ನೀವೇ ಅದರ ಮೇಷ್ಟ್ರು,” ಎಂದು ನಕ್ಕ. ಮುನಿಶಾಮಿಗೆ ಮೈಯೆಲ್ಲ ಉರಿದುಹೋಯಿತು.

ಇನ್ನೂ ಉರಿಸಿದ್ದು ಬೇರೆ. ಹನ್ನೊಂದು ಸಲ ಅವನು ಕೆಡಿಸಿದ್ದ. ಹನ್ನೊಂದು ಸಲವೂ ಅದು ತಿದ್ದಿ ಸುಮ್ಮನಾಗಿತ್ತು. ರಘುನಾಥನಿಗೆ ಒಂದು ದೂರೂ ಹೋಗಿರಲಿಲ್ಲ. ಒಂದು ಮಿಷನ್ನು ತನಗೆ ದಯೆ ತೋರಿಸುವುದೇ? ಇದಕ್ಕಿಂತ ಅವಮಾನ ಬೇಕೆ?

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟುತ್ತಿದ್ದ ಮಗಳು ಸುಷ್ಮಾಳ ಮುಂದೆ ಎಲ್ಲವನ್ನೂ ಕಾರಿಕೊಂಡ. ತಳಿಯ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕಿದ್ದ ಅವಳಿಗೆ ಬಸ್ಸಿನ ಅವಸರ.

“ಬೇಕಂತ ತಪ್ ಬರೀಬ್ಯಾಡಪ್ಪಾ. ನಿನ್ ಹೆಸ್ರೇ ಕೆಡೋದು,” ಎಂದಳು.

“ನೀನ್ ಯಾರ್ ಪರ ಮಾತಾಡ್ತಿದ್ದೀಯಮ್ಮೀ?”

“ಅದು ನಿಂಗೇನ್ ಮಾಡೈತೆ, ಪಾಪ?”

“ಪಾಪನಾ? ಶಿವಣ್ಣನ ಅನ್ನ ತಿಂತು. ನಾಳೆ ನಂದೂ ತಿಂತದೆ. ಅದ್ರ ಕತ್ತು ಮುರೀದೆ ಬಿಡಾಕಿಲ್ಲ ನಾನು!”

ಸುಷ್ಮಾ ಡಬ್ಬಿಯ ಮುಚ್ಚಳ ಒತ್ತಿ ಅವನ ಕೈಗಿತ್ತು, ಮುಖ ನೋಡದೆ ಹೊರಟುಹೋದಳು.

ಕೊನೆಗೂ ಏಜೆಂಟ್ ಸಿಕ್ಕಿಬಿದ್ದದ್ದು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ಒಂದೇ ಒಂದು ಹೊಸ ಆರ್ಡರು ಮುಂದಕ್ಕೆ ಹೋಗಲಿಲ್ಲ. ಹನ್ನೆರಡು ಹೊಡೆದದ್ದೇ ತಡ, ಪಟಪಟನೆ ಎಲ್ಲವೂ ಹೊರಟವು. ಮುನಿಶಾಮಿ ಹಿಂದಿನ ಶುಕ್ರವಾರಗಳ ಪಟ್ಟಿ ತೆಗೆದ. ಅದೇ ಕಥೆ, ಅದೇ ಒಂದೂವರೆ ಗಂಟೆ. ಕೃಷ್ಣಗಿರಿಯ ಅಂಗಡಿಯವನು ಲಾರಿ ಬಂದಿಲ್ಲವೆಂದು ಅಷ್ಟರಲ್ಲಿ ನಾಲ್ಕು ಸಲ ಫೋನು ಮಾಡಿ ಬೈದಾಗಿತ್ತು.

ಪಟ್ಟಿ ಹಿಡಿದು ರಘುನಾಥನ ಕೋಣೆಗೆ ನುಗ್ಗಿದ.

“ನಮ್ ಡ್ರೈವರು ಶುಕ್ರವಾರ ಈ ಹೊತ್ನಾಗೆ ಗಾಡಿ ತೆಗೀದಿದ್ರೆ ರಾಹುಕಾಲ ನೋಡ್ತಾನೆ ಅಂತ ಬೈತೀರಲ್ಲ ಸಾರ್. ಮಿಷನ್ನಿಗೆ ಯಾವ್ ರಾಹುಕಾಲ?”

ರಘುನಾಥ್ ಪಟ್ಟಿ ನೋಡಿದ. ಹಲ್ಲು ಕಡಿದ. “ಹಾಳಾದ್ದು, ಇದನ್ನೂ ನಿಮ್ ಹತ್ರಾನೇ ಕಲಿತಿರ್ಬೇಕು.”

“ಕಲ್ತಿರ್ಲಿ ಸಾರ್. ರಾಹುಕಾಲ ನೋಡೋನಿಗೆ ಸಂಬಳ ಯಾಕೆ ಅಂತ ನನ್ನ ಕೇಳಿದ್ರಿ. ಅದನ್ನೂ ಒಂದ್ ಮಾತು ಕೇಳಿ.”

ರಘುನಾಥ್ ಫೋನು ಎತ್ತಿದ. ಮಾರಿದವನ ಜೊತೆ ಜಗಳ ಗೋಡೌನಿನ ತುದಿಯವರೆಗೂ ಕೇಳಿಸಿತು. ಮೂರು ಗಂಟೆಗೆ ಎಲ್ಲ ಮುಗಿಯಿತು.

“ಸೋಮವಾರದಿಂದ ಆರ್ಡರು ಮೊದಲಿನ ಹಾಗೆ ನೀವೇ ತಿದ್ದಿ. ಸಂತೋಷಾನಾ? ಈಗ ಎದುರಿಂದ ಹೋಗ್ರೀ!”

ಸಂತೋಷವೇ? ಮುನಿಶಾಮಿಗೆ ಕುಣಿಯುವುದೊಂದು ಬಾಕಿ! ಅರ್ಧ ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಐದಕ್ಕೆಲ್ಲ ಮನೆ ಸೇರಿದ. ದಿನಾ ಏಳಕ್ಕೆ ಬರುವ ಸುಷ್ಮಾ ಆಗಲೇ ಜಗುಲಿಯ ಮೇಲೆ ಕುಳಿತಿದ್ದಳು. ಕಣ್ಣು ಕೆಂಪಗಿದ್ದವು.

“ಏನಮ್ಮೀ, ಇಷ್ಟ್ ಬಿರ್ನೆ ಬಂದ್ಬುಟ್ಟಿದ್ದೀಯ? ತಗೋ, ಬಾಯಿ ಸಿಹಿ ಮಾಡ್ಕೋ. ಆ ಏಜೆಂಟಿನ ಕಥೆ ಮುಗಿಸ್ಬುಟ್ಟೆ!”

“ಗೊತ್ತಪ್ಪಾ. ಮೂರು ಗಂಟೆಗೆ ನಮ್ ಆಫೀಸಿಗೆ ಫೋನ್ ಬಂತು.”

“ನಿಮ್ ಆಫೀಸಿಗಾ? ಅಲ್ಲಿಗ್ಯಾಕೆ?”

“ಹೊರಗೆ ಬಾಯ್ ಬಿಡಬಾರ್ದು ಅಂತ ಸೈನ್ ಹಾಕ್ಸ್ಕೊಂಡಿದ್ರು. ಇನ್ನೇನು, ಕೆಲ್ಸಾನೇ ಹೋಯ್ತಲ್ಲ, ಹೇಳ್ತೀನಿ.” ಸುಷ್ಮಾ ಮೊದಲ ಸಲ ಅಪ್ಪನ ಮುಖ ನೋಡಿದಳು. “ಮಿಷನ್ನೂ ಇಲ್ಲ ಗಿಷನ್ನೂ ಇಲ್ಲಪ್ಪಾ. ತಳಿನಾಗೆ ಕೂತು ಆರ್ಡರು ತಿದ್ದುತ್ತಿದ್ದೋರು ನಾವು ಎಂಟು ಜನ ಹುಡ್ಗೀರು. ನಿಮ್ ಗೋಡೌನು ನನ್ ಪಾಲಿಗೆ ಬಂದಿತ್ತು. ಶುಕ್ರವಾರ ರಾಹುಕಾಲ ನೋಡೋದೂ ನಿನ್ನಿಂದ್ಲೇ ಕಲ್ತಿದ್ದು. ತಪ್ ಮಾಡಿದ್ರೆ ನನ್ ಕೆಲ್ಸ ಹೋಗ್ತಿತ್ತು, ಮಾಡ್ದಿದ್ರೆ ನಿಂದು.”